ಸಂಸ್ಥೆಯ ತಾಕತ್ತು ಅಳೆಯಲು ಹೋದಾಗ

ನಗಬಾರದ ಕಡೆಯೇ ನಗು ಬರುವ ನೌಕರಿ ನನ್ನದು. ಒಂದು ಪ್ರಸಂಗ ಮರೆಯುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲು ತಟ್ಟುತ್ತದೆ. ಸಾರ್ವಜನಿಕ ಆರೋಗ್ಯ ಸಂಸ್ಥೆಗಳಿಗೆ ಹೋಗುವುದು, ಅಲ್ಲಿ ಜನ ಸಾಕಷ್ಟಿದ್ದಾರೆಯೇ, ಕೆಲಸ ಬಲ್ಲರೇ, ಯಾರ ಮಾತು ಯಾರು ಕೇಳುತ್ತಾರೆ ಎಂದು ನೋಡಿ ಅಂಕ ಹಾಕುವುದು, ಆಮೇಲೆ ಕೊರತೆಗಳನ್ನು ಸರಿಮಾಡಲು ನೆರವಾಗುವುದು. ಮಹಾಂತೇಶ ನಗರದ ನಮ್ಮ ನೆರೆಮನೆಯ ಅಜ್ಜಿಗೆ ಇದನ್ನು ಒಮ್ಮೆ ತಿಳಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅಂದ್ರ ನೀ ರೋಗಿನ್ನ ನೋಡಂಗಿಲ್ಲ, ದವಾಖಾನಿದ ನಾಡಿ ಹಿಡದು ನೋಡ್ತಿ" ಎಂದರು. ನನ್ನ ನೇಮಕದ ಆದೇಶದಲ್ಲೂ ಇಷ್ಟು ಸ್ಪಷ್ಟವಾಗಿ ಬರೆದಿಲ್ಲ.

ಈಗ ಹೇಳುವುದೆಲ್ಲ ಒಂದೇ ಸಂಸ್ಥೆಯ ಕಥೆ. ಅದರ ಮುಖ್ಯ ಕಚೇರಿ ಬೆಳಗಾವಿಯಲ್ಲಿ, ನೀರು ಮತ್ತು ರಕ್ತ ತಪಾಸಣೆಯ ಸಣ್ಣ ಲ್ಯಾಬು ಖಾನಾಪುರದಲ್ಲಿ. ಅಂಕ ಕಡಿಮೆ ಬಂದರೆ ಖಾನಾಪುರದ ಲ್ಯಾಬು ಮುಚ್ಚಿ ಬೆಳಗಾವಿಗೆ ಸೇರಿಸುತ್ತೇವೆಂದು ಮೇಲಿನವರು ಹೇಳಿಬಿಟ್ಟಿದ್ದರು. ಹಾಗಾದರೆ ಕಾಡಂಚಿನ ಹಳ್ಳಿಯವರು ಒಂದು ಬಾಟಲಿ ಬಾವಿ ನೀರು ತೋರಿಸಲಿಕ್ಕೂ ಬೆಳಗಾವಿ ಬಸ್ಸು ಹತ್ತಬೇಕು. ಆ ಲ್ಯಾಬಿನ ಡಾಕ್ಟರಮ್ಮ, ನಮ್ಮ ಕಡೆಯ ಮಾತಲ್ಲಿ ಡಾಕ್ಟರ್ ಬಾಯಿ, ನನ್ನನ್ನು ಕಂಡಾಗಲೆಲ್ಲ ಚಹಾ ಕೇಳುವ ಮೊದಲೇ ಕೇಳುತ್ತಿದ್ದರು, "ಉಳೀತೈತೇನ್ರಿ ನಮ್ಮ ಲ್ಯಾಬು?" ಉತ್ತರ ನನ್ನ ಕೈಯಲ್ಲಿ ಇರಲಿಲ್ಲ.

೧. ಚಪ್ಪಲಿ

ಮೊದಲು ನಾಯಕತ್ವಕ್ಕೆ ಅಂಕ. ಬೆಳಗಾವಿ ಕಚೇರಿಯಲ್ಲಿ ಜಮಖಾನ ಹಾಸಿ ಎಲ್ಲರನ್ನೂ ಕೂಡ್ರಿಸಿದ್ದರು. ನಿರ್ದೇಶಕ ಸಾಹೇಬರೂ ಚಪ್ಪಲಿ ಮೂಲೆಯಲ್ಲಿ ಕಳಚಿಟ್ಟು ನಡುವೆ ಕೂತಿದ್ದರು. ಅವರೆದುರು ಯಾರು ಬಾಯಿ ಬಿಟ್ಟಾರು? "ಸರ್, ಸ್ವಲ್ಪ ಹೊರಗ ಇರ್ತೀರಾ? ಇವರು ಮನಸ್ಸು ಬಿಚ್ಚಿ ಮಾತಾಡಲಿ" ಎಂದೆ. ಪಾಪ, ದೊಡ್ಡ ಮನಸ್ಸಿನವರು, ಕೂಡಲೇ ಎದ್ದು ಹೋದರು.

ಬಾಗಿಲು ಹಾಕಿದೆ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ನಾನು ಪುಸಲಾಯಿಸಿದೆ, ಧೈರ್ಯ ಹೇಳಿದೆ, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ ಎಂದು ಆಣೆಯನ್ನೊಂದು ಬಿಟ್ಟು ಉಳಿದದ್ದೆಲ್ಲ ಮಾಡಿದೆ. ಕೊನೆಗೆ ಹಿರಿಯ ನರ್ಸಮ್ಮ ಒಬ್ಬರು ಮೂಲೆಯ ಕಡೆ ಕಣ್ಣು ಮಾಡಿ ಮೆಲ್ಲಗೆ ಹೇಳಿದರು.

"ಸಾಹೇಬ್ರು ಹೊರಗ ಹೋಗ್ಯಾರ ಖರೆ. ಆದ್ರ ಚಪ್ಪಲಿ ಇಲ್ಲೇ ಬಿಟ್ಟಾರ್ರಿ. ಬರಿಗಾಲಾಗ ಎಷ್ಟು ದೂರ ಹೋಗಿರ್ತಾರ?"

ಬಾಗಿಲು ತೆರೆದು ನೋಡಿದರೆ ಸಾಹೇಬರು ಹೊಸ್ತಿಲ ಆಚೆಯೇ ನಿಂತಿದ್ದರು. "ಎಷ್ಟು ಹಾಕಿದ್ರಿ?" ಎಂದರು.

೨. ಎರಡು ಖುರ್ಚಿ

ಖಾನಾಪುರದ ಲ್ಯಾಬಿಗೆ ಒಂದು ಫ್ರಿಜ್ ಬೇಕಾಗಿತ್ತು. ಅದಿಲ್ಲದೆ ಮಾದರಿಗಳು ಕೆಡುತ್ತವೆ, ಅಂಕವೂ ಕೆಡುತ್ತದೆ. ನಿರ್ದೇಶಕ ಸಾಹೇಬರು ಶಿಫಾರಸು ಮಾಡಿ ಉಗ್ರಾಣದ ಅಧಿಕಾರಿಗೆ ಬರೆದಿದ್ದರು. ಉಗ್ರಾಣದ ಅಧಿಕಾರಿ ನಿಯಮದಲ್ಲಿ ಅವಕಾಶವಿಲ್ಲ ಎಂದು ತಿರಸ್ಕರಿಸಿದ್ದರು. ಸಾಹೇಬರು ಕೆರಳಿ, ಯಾಕೆ ತಿರಸ್ಕರಿಸಿದಿರಿ ಎಂದು ವಿವರಣೆ ಕೇಳಿದ್ದರು. ಅದಕ್ಕೆ ಉತ್ತರವೇ ಬಂದಿರಲಿಲ್ಲ. ಆ ಅಧಿಕಾರಿ ಯಾರೆಂದು ವಿಚಾರಿಸಿದರೆ, ಆ ಹುದ್ದೆ ಖಾಲಿ. ಅದರ ಪ್ರಭಾರವೂ ಸಾಹೇಬರದೇ!

"ನೀವೇ ಕೇಳಿ, ನೀವೇ ಇಲ್ಲ ಅಂದ್ರೇನ್ರಿ ಸರ್?"

"ಏನ್ ಮಾಡ್ಲಿ ಮೇಡಂ? ಈ ಖುರ್ಚಿ ಮ್ಯಾಲೆ ಕುಂತಾಗ ಜನರ ಕಷ್ಟ ಕಾಣಸ್ತು. ಆ ಖುರ್ಚಿ ಮ್ಯಾಲೆ ಕುಂತಾಗ ನಿಯಮ ಕಾಣಸ್ತು."

"ಮತ್ತ ಆ ವಿವರಣೆ ಕೇಳಿದ್ದಕ್ಕ ಉತ್ತರ ಯಾಕ ಕೊಟ್ಟಿಲ್ಲ?"

ಸಾಹೇಬರು ದನಿ ತಗ್ಗಿಸಿದರು. "ಹೆದರಿಕಿ ಆಗೇತ್ರಿ. ನಿರ್ದೇಶಕರು ಭಾಳ ಸಿಟ್ಟಿನಾವ್ರು."

೩. ಎಲ್ಲ ಕಲಿತವರು

ಉಗ್ರಾಣಕ್ಕೆ ಬೇರೆಯವರನ್ನು ಹಾಕಿಸಿದ ಮೇಲೆ ಫ್ರಿಜ್ ಬಂತು. ಇನ್ನು ತರಬೇತಿಯ ಸರದಿ. ರೋಗ ಹರಡಿದಾಗ ತನಿಖೆ ಮಾಡುವ ತರಬೇತಿ ಯಾರಿಗಾಗಿದೆ ಎಂದು ಕೇಳಿದೆ. ಒಬ್ಬ ಗುಮಾಸ್ತರ ಹೆಸರು ಹೇಳಿದರು. ನೀರಿನ ತಪಾಸಣೆಯದು? ಅದೇ ಗುಮಾಸ್ತರು. ಲಸಿಕೆ ಕಾಪಾಡುವುದು? ಅವರೇ. ಲ್ಯಾಬಿನವರೊಬ್ಬರೂ ಹೋಗಿರಲಿಲ್ಲ.

"ಲ್ಯಾಬಿನಾವ್ರನ್ನ ಕಳಿಸಿದ್ರ ತಪಾಸಣಿ ನಿಂದರತೈತ್ರಿ" ಎಂದು ಸಾಹೇಬರು ತಿಳಿಸಿ ಹೇಳಿದರು. "ಇವ್ರನ್ನ ಕಳಿಸಿದ್ರ ಏನೂ ನಿಂದರಂಗಿಲ್ಲ."

ಇಷ್ಟೆಲ್ಲ ಕಲಿತ ಪುಣ್ಯಾತ್ಮರನ್ನು ಒಮ್ಮೆ ಕಣ್ತುಂಬ ನೋಡೋಣವೆಂದು ಕರೆಸಲು ಹೇಳಿದೆ. ಅವರು ಊರಲ್ಲಿ ಇರಲಿಲ್ಲ, ಮತ್ತೆ ತರಬೇತಿಗೆ ಹೋಗಿದ್ದರು.

"ಈಗ ಯಾವ ತರಬೇತಿರಿ?"

"ಕಲತದ್ದನ್ನ ಕೆಲಸದಾಗ ಹೆಂಗ ಬಳಸಬೇಕು, ಅದರದು."

೪. ಸುಳ್ಳು ರೋಗಿ, ಖರೇ ಅತ್ತಿ

ಕೊನೆಗೆ ಹಟ ಹಿಡಿದು ಖಾನಾಪುರದ ಡಾಕ್ಟರ್ ಬಾಯಿಗೂ ಅವರ ಜೊತೆಯವರಿಗೂ ತರಬೇತಿ ಕೊಡಿಸಿದೆ. ಉಳಿದದ್ದು ಕಡೆಯ ಪರೀಕ್ಷೆ, ಅಣಕು ತಾಲೀಮು. ಒಂದು ಹಳ್ಳಿಯಲ್ಲಿ ಬಾವಿ ನೀರು ಕುಡಿದು ವಾಂತಿಭೇದಿ ಶುರುವಾಗಿದೆ ಎಂದು ನಾವು ಸುಳ್ಳು ಸುದ್ದಿ ಕೊಡುವುದು. ಲ್ಯಾಬಿನವರು ಓಡಿಬಂದು ನೀರು, ರಕ್ತ ತೆಗೆದುಕೊಂಡು ಏನಾಗಿದೆಯೆಂದು ಹೇಳುವುದು. ನೋಡಲು ಬೆಂಗಳೂರಿನಿಂದ ಹಿರಿಯ ಅಧಿಕಾರಿಯೊಬ್ಬರು ಬಂದಿದ್ದರು. ಲ್ಯಾಬು ಇರುತ್ತದೋ ಹೋಗುತ್ತದೋ ಎಂಬುದು ಅವರ ಒಂದು ಮಾತಿನ ಮೇಲೆ ನಿಂತಿತ್ತು.

ರೋಗಿಯಾಗಲು ಅಂಬುಲೆನ್ಸ್ ಡ್ರೈವರನನ್ನು ಒಪ್ಪಿಸಿದೆ. ಗುಟ್ಟು ಹೆಂಡತಿಗೂ ಹೇಳಬೇಡ ಎಂದಿದ್ದೆ, ಅವನು ಹೇಳಲಿಲ್ಲ. ಎಡವಟ್ಟಾದದ್ದೇ ಅಲ್ಲಿ. ಅವನನ್ನು ಆ ಹಳ್ಳಿಗೆ ಕರೆತರಲು ಬೇರೊಬ್ಬರು ಅಂಬುಲೆನ್ಸ್ ಓಡಿಸುತ್ತ ಖಾನಾಪುರ ಪೇಟೆಯಲ್ಲಿ ಹಾದು ಬಂದಾಗ ಜನ ಒಳಗೆ ಇಣುಕಿ ನೋಡಿದ್ದಾರೆ. ದಿನಾ ಗಾಡಿ ಓಡಿಸುವವನೇ ಸಲಾಯಿನ್ ಹಚ್ಚಿಕೊಂಡು ಗಾಡಿಯೊಳಗೆ ಮಲಗಿದ್ದಾನೆ! ಪೀರನವಾಡಿಯಲ್ಲಿದ್ದ ಅವನ ಅತ್ತೆಗೆ ಫೋನು ಹೋಗಿದೆ.

ನಮ್ಮ ಕಡೆ ಆರಾಮಿಲ್ಲದವರನ್ನು ಮಾತಾಡಿಸಲು ಬರಿಗೈಯಲ್ಲಿ ಒಬ್ಬರೇ ಹೋಗುವ ಪದ್ಧತಿ ಇಲ್ಲ. ಹಳ್ಳಿಗೆ ಬಂದ ಲ್ಯಾಬಿನವರು ಶಿಸ್ತಾಗಿ ರಕ್ತ ತೆಗೆಯುತ್ತಿದ್ದಾಗ ಒಂದು ಟೆಂಪೋ ಬಂದು ನಿಂತಿತು. ಬೀಗರು, ಅವರ ನೆರೆಯವರು, ಬಿಸ್ಕೀಟ್ ಪುಡಿಕೆ, ಬ್ರೆಡ್ಡು, ಗೊಂಚಲು ಗೊಂಚಲು ಎಳನೀರು. ಎಲ್ಲರಿಗಿಂತ ಮುಂದೆ ಅತ್ತೆ. "ಮಾಝ್ಯಾ ಜಾವಯಾಲಾ ಕಾಯ್ ಝಾಲಂ! ನನ್ನ ಅಳಿಯಾಗ ಏನಾತ್ರೆಪಾ!" ಎಂದು ಮರಾಠಿ, ಕನ್ನಡ ಎರಡರಲ್ಲೂ ಎದೆ ಬಡಿದುಕೊಂಡು ಅಳಿಯನ ಮೇಲೆ ಬಿದ್ದರು. ಆದರೂ ಡಾಕ್ಟರ್ ಬಾಯಿ ಕಲಿತದ್ದು ಮರೆಯಲಿಲ್ಲ. ಹಗ್ಗ ಕಟ್ಟಿ ಜನರನ್ನು ಅದರ ಆಚೆ ನಿಲ್ಲಿಸಿ, ಕೂಡಲೇ ನೋಡಬಹುದಾದ ತಪಾಸಣೆಗಳನ್ನೆಲ್ಲ ಮಾಡಿ ಮುಗಿಸಿದರು.

ಅಧಿಕಾರಿ ತಲೆಗೆ ಕೈ ಹಚ್ಚಿದರು. "ತಾಲೀಮು ಕೆಟ್ಟೋಯ್ತು. ಇದಕ್ಕೆ ಹೇಗೆ ಅಂಕ ಕೊಡೋದು?" ಎಂದು ನನ್ನ ಕಿವಿಯಲ್ಲಿ ಹೇಳಿ, ಅತ್ತೆಯ ಕಡೆ ತಿರುಗಿದರು. "ಅಮ್ಮಾ, ಅಳಬೇಡಿ. ನಿಮ್ಮ ಅಳಿಯನಿಗೆ ಏನೂ ಆಗಿಲ್ಲ."

ಅತ್ತೆ ಗಕ್ಕನೆ ಅಳು ನಿಲ್ಲಿಸಿದರು. "ಏನೂ ಆಗಿಲ್ಲ ಅಂತ ಹ್ಯಾಂಗ ಗೊತ್ತಾತ್ರಿ ನಿಮಗ?"

ಉತ್ತರವನ್ನೂ ಅತ್ತೆಯೇ ಕೊಟ್ಟರು. "ಈ ಬಾಯಾರು ಇಲ್ಲೇ ನೋಡಿದ್ದಕ್ಕ ಗೊತ್ತಾತು. ಬೆಳಗಾವಿಗೆ ಕಳಿಸಿದ್ರ ಯಾವಾಗ ತಿಳೀತಿತ್ತು? ಅಲ್ಲೀತನ ನಾ ಅಳಕೋಂತ ಕುಂದರಬೇಕಿತ್ತೇನು? ಹಿಡೀರಿ, ಎಳನೀರು ಕುಡೀರಿ. ನಿಮ್ಮ ಮಾರಿನೂ ಬಾಡೈತಿ. ಬಾಯಾರ ಕಡಿ ತೋರಿಸ್ರಿ, ಇಲ್ಲೇ ಆಗ್ತೈತಿ."

ಅಧಿಕಾರಿ ಎಳನೀರು ಹಿಡಿದುಕೊಂಡು ಅತ್ತೆಯನ್ನು ನೋಡಿದರು, ಹಗ್ಗದ ಆಚೆ ನಿಂತ ಜನರನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಲ್ಯಾಬ್ ಇಲ್ಲೇ ಇರಲಿ ಮೇಡಂ. ನಾನು ಬರೀತೀನಿ" ಎಂದರು. ಡಾಕ್ಟರ್ ಬಾಯಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಅತ್ತೇಬಿಟ್ಟರು. ನನ್ನ ಕಣ್ಣೂ ಒದ್ದೆಯಾಗಿತ್ತು.

ಎಲ್ಲರೂ ಚಹಾಕ್ಕೆ ಹೊರಟಾಗ ಡ್ರೈವರ ಮಾತ್ರ ಕಣ್ಣು ಮುಚ್ಚಿ ಮಲಗೇ ಇದ್ದ. "ಏಳಪಾ, ಲ್ಯಾಬು ಉಳೀತು" ಎಂದು ಪಿಸುಗುಟ್ಟಿದೆ.

ಅವನು ಒಂದೇ ಕಣ್ಣು ತೆರೆದ. "ಲ್ಯಾಬು ಉಳೀತ್ರಿ ಮೇಡಂ. ಇದು ನಾಟಕ ಅಂತ ನಮ್ಮ ಅತ್ತೀಗೆ ಗೊತ್ತಾದ್ರ ನಾ ಉಳಿಯಂಗಿಲ್ಲ. ಇನ್ನೊಂದೀಟು ಸಲಾಯಿನ್ ಇದ್ರ ಹಚ್ಚಾಕ ಹೇಳ್ರಿ."