ಜೊಂಡಿನ ತಗ್ಗಿಗೆ ಗಚ್ಚು

ಜೀವಮಾನವೆಲ್ಲ ಸಿಮೆಂಟು ಹೊತ್ತವಳು ನಾನು. ಹೈದರಾಬಾದಿನ ಎಷ್ಟೋ ದೊಡ್ಡ ಮನೆಗಳ ಬುನಾದಿಯಲ್ಲಿ ನನ್ನ ಬೆವರಿದೆ. ಅಂಥವಳಿಗೆ ಕೂರಲು ಒಂದು ಕಟ್ಟೆ ಕಟ್ಟುವುದು ಯಾವ ಮಹಾ ಕೆಲಸ? ಹಾಗೆಂದುಕೊಂಡೆ. ಅಲ್ಲೇ ಕೆಟ್ಟಿತು!

ಪಟಾನ್‌ಚೆರುವಿನಲ್ಲಿ ಕೂಲಿಗೆ ಬಂದ ನಮ್ಮ ಕನ್ನಡದವರ ತಗಡಿನ ಮನೆಗಳ ನಡುವೆ ಒಂದು ತಗ್ಗು ಇತ್ತು. ಮೊಣಕಾಲುದ್ದ ಜೊಂಡು, ಕೆಸರು, ಕಪ್ಪೆ. ನನ್ನ ಬಾಗಿಲಿಗೆ ಯಾರೂ ಬಂದು ಕೂರದಿರಲು ಈ ತಗ್ಗೇ ಕಾರಣವೆಂದು ತೀರ್ಮಾನಿಸಿದೆ. ನನ್ನ ಬಾಯಿಯೂ ಕಾರಣವಿರಬಹುದು ಎಂಬುದು ಆಗ ಹೊಳೆಯಲಿಲ್ಲ.

ಕೆಡವಿದ ಮನೆಯ ಇಟ್ಟಿಗೆ ಚೂರು ತುಂಬಿಕೊಂಡು ಟ್ರ್ಯಾಕ್ಟರ್ ಹೋಗುತ್ತಿತ್ತು. ಅಡ್ಡ ನಿಂತು ತಗ್ಗಿಗೆ ಸುರಿಸಿಕೊಂಡೆ. ಮನೆಗಳ ನೆಲಕ್ಕಿಂತ ಗೇಣು ಎತ್ತರಕ್ಕೆ ಏರಿಸಿ ನಾನೇ ಸಿಮೆಂಟು ಗಚ್ಚು ಹಾಕಿದೆ. ಗಚ್ಚು ಒಣಗಿದ ಮೇಲೆ ಪಕ್ಕದ ಮನೆಯ ಶರಣಮ್ಮ, ಗಾರೆ ಕೆಲಸದ ಗೌಂಡಿಯ ಹೆಂಡತಿ, ಸೊಂಟಕ್ಕೆ ಕೈಯಿಟ್ಟು ನೋಡಿದಳು.

“ಯವ್ವಾ, ಮಳಿ ನೀರು ಎಲ್ಲಿಗೆ ಹೋಗಬೇಕಂತ ಮಾಡೀರಿ?”

“ಎಲ್ಲಿಗರ ಹೋಗಲಿ. ಅದಕ್ಕೂ ನಾನ ದಾರಿ ತೋರಿಸಬೇಕೇನು? ನೀ ಸಂಜಿಗೆ ಬಾ, ಕೂಡೋಣು.”

ಬಂದಳು. ಕೂತಳು. ಎದ್ದಳು!

“ಅಯ್ಯಯ್ಯ, ಕುಂಡಿ ಸುಟ್ತು! ರೊಟ್ಟಿ ಹಂಚು ಆಗೈತಲ್ರಿ ಇದು!”

ಸಂಜೆಯಾದರೂ ಗಚ್ಚು ಬಿಸಿ ಕಾರುತ್ತಿತ್ತು. ಜೊಂಡಿನ ಕಡೆಯಿಂದ ಬರುತ್ತಿದ್ದ ತಂಪು ಗಾಳಿಯೂ ನಿಂತಿತ್ತು. ಆ ಬೇಸಿಗೆಯೆಲ್ಲ ನನ್ನ ಕಟ್ಟೆಯ ಮೇಲೆ ಒಂದು ನಾಯಿಯೂ ಮಲಗಲಿಲ್ಲ.

ಆಮೇಲೆ ಮಳೆ. ಈಗಿನ ಮಳೆಗೆ ಹದವಿಲ್ಲ. ಮಳೆಗಾಲದ ನೀರನ್ನೆಲ್ಲ ಒಂದೇ ಮಧ್ಯಾಹ್ನ ಸುರಿದುಬಿಡುತ್ತದೆ. ಮೊದಲು ತಗ್ಗು ಅದನ್ನು ಕುಡಿಯುತ್ತಿತ್ತು. ಗಚ್ಚು ಕುಡಿಯುವುದಿಲ್ಲವಲ್ಲ! ನೀರು ನೇರ ಶರಣಮ್ಮನ ಮನೆ ಹೊಕ್ಕಿತು. ಆಮೇಲೆ ಓಣಿಯವರೆಲ್ಲರ ಮನೆ. ನನ್ನದೂ.

ನೀರು ಏರದ ಜಾಗವೆಂದರೆ ಕಟ್ಟೆ ಒಂದೇ. ಹೆಂಗಸರೆಲ್ಲ ತಾಡಪಾಲು ಹೊದ್ದುಕೊಂಡು ಅದರ ಮೇಲೆ ಬಂದು ಕೂತರು. ನಾನು ಬಯಸಿದಂತೆಯೇ! ಕೂತು, ಒಕ್ಕೊರಲಿನಿಂದ ನನ್ನನ್ನು ಬೈದರು.

“ಹಿಟ್ಟು, ಅಕ್ಕಿ ಎಲ್ಲಾ ನೀರಪಾಲಾತು. ಮುದುಕಿ ಸಾಯೋ ಕಾಲಕ್ಕ ಬಂಗಲೆ ಕಟ್ಟಾಕ ಹೋಗ್ಯಾಳ!”

“ಚಾ ಕುಡೀತೀರೇನ್ರೆವ್ವಾ?” ಎಂದೆ.

“ನಿಮ್ಮ ಚಾಪುಡಿ ಡಬ್ಬಿ ಅಲ್ಲಿ ತೇಲಾಕತ್ತೈತಿ, ನೋಡ್ರಿ!” ಎಂದಳು ಶರಣಮ್ಮ.

ನೀರಿಳಿಯಿತು. ಹೆಂಗಸರು ಎದ್ದು ಹೋದರು. ಈಗ ಶರಣಮ್ಮ ನನ್ನ ಬಾಗಿಲ ಮುಂದೆ ಮುಖ ತಿರುಗಿಸಿಕೊಂಡು ನಡೆಯುತ್ತಾಳೆ. ನಾನು ದಿನಾ ಹಾರೆ ಹಿಡಿದು ಕಟ್ಟೆ ಒಡೆಯುತ್ತಿದ್ದೇನೆ. ಒಂದೆರಡು ಕಡೆ ಮಣ್ಣು ಕಂಡಿದೆ, ಜೊಂಡು ಇನ್ನೂ ಚಿಗುರಿಲ್ಲ. ಎಂಥಾ ಗಟ್ಟಿ ಗಚ್ಚು! ಹಾಕಿದವಳನ್ನು ಬೈಯೋಣವೆಂದರೆ, ಕೇಳಿಸಿಕೊಳ್ಳಲು ಇಲ್ಲಿ ಅವಳೊಬ್ಬಳೇ ಇದ್ದಾಳೆ.