ಪರಂಗಿಯವರು ಬಾರದ ಅಡುಗೆ

ಒಗ್ಗರಣೆಗೆಂದು ಕನಕಲಕ್ಷ್ಮಿ ಹಿಡಿದಿದ್ದ ಒಣಮೆಣಸಿನಕಾಯಿಯನ್ನು ಅವಳ ಗಂಡ, ಮದ್ದೂರಿನ ವಕೀಲ ಕಸ್ತೂರಿರಂಗ, ಕಳ್ಳನ ಕೈಯಿಂದ ಚಿನ್ನದ ಸರ ಕಿತ್ತುಕೊಳ್ಳುವಂತೆ ಕಿತ್ತುಕೊಂಡ.

“ಇದನ್ನ ತಂದಿದ್ದು ಯಾರು ಗೊತ್ತಾ?”

“ನೀವೇ. ಸಂತೆಯಿಂದ.”

“ಪರಂಗಿಯವರು ಕಣೇ! ಹಡಗಿನಲ್ಲಿ!”

ಅಂದು ಸಂಜೆ ಛತ್ರದ ಅಂಗಳದಲ್ಲಿ ಅವನ ಭಾಷಣವಿತ್ತು. ವಿಷಯ, ‘ಪರಂಗಿಯವರು ಬಾರದೇ ಇದ್ದಿದ್ದರೆ’. ಮನೆಯಲ್ಲಿ ವಾರದಿಂದ ಅದರದೇ ತಾಲೀಮು. ಅವರು ಬಾರದೇ ಇದ್ದಿದ್ದರೆ ನಮ್ಮ ನೇಕಾರರ ಪಂಚೆಗೆ ಲಂಡನ್ನಿನವರು ಕಾದು ನಿಲ್ಲುತ್ತಿದ್ದರು. ನಮ್ಮ ಕಮ್ಮಾರರೇ ರೈಲು ಮಾಡಿ ಓಡಿಸುತ್ತಿದ್ದರು. ಕೇಳುತ್ತ ಕೇಳುತ್ತ ಕನಕಲಕ್ಷ್ಮಿಯ ಮೈಯೂ ಉರಿಯುತ್ತಿತ್ತು. ನಮ್ಮ ಹತ್ತಿ ಹೊತ್ತುಕೊಂಡು ಹೋಗಿ, ಬಟ್ಟೆ ಮಾಡಿ, ನಮಗೇ ಮಾರುವವರ ಮೇಲೆ ಯಾರಿಗೆ ಸಿಟ್ಟು ಬರುವುದಿಲ್ಲ? ರುಬ್ಬುಗುಂಡು ತಿರುಗಿಸುತ್ತ ಅವಳೂ ಪರಂಗಿಯವರಿಲ್ಲದ ಆ ದೇಶವನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದಳು. ಅವಳ ದೇಶದಲ್ಲಿ ಮಾತ್ರ ಒಂದು ಕಟ್ಟಡ ಹೆಚ್ಚಿಗೆ ಇತ್ತು: ಹೆಣ್ಣುಮಕ್ಕಳ ಹೈಸ್ಕೂಲು. ಗಂಡನ ಭಾಷಣದಲ್ಲಿ ಅದು ಒಂದು ದಿನವೂ ಬರಲಿಲ್ಲ. ಹನ್ನೊಂದನೇ ವಯಸ್ಸಿಗೆ ಅವಳನ್ನು ಸ್ಕೂಲು ಬಿಡಿಸಿದ್ದು ಪರಂಗಿಯವನಲ್ಲ, ಅವಳ ಅಪ್ಪ. ಸಭೆಯಲ್ಲಿ ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳಬೇಕು: ಆ ದೇಶದಲ್ಲಿ ನನ್ನಂಥವಳಿಗೆ ಸ್ಕೂಲು ಇರುತ್ತಿತ್ತೆ?

“ನಾನೂ ಸಭೆಗೆ ಬರ್ತೀನಿ.”

“ಅಡುಗೆ ಮುಗಿಸಿ ಬಾ. ಸಭೆ ಆದಮೇಲೆ ರಾಮಾನುಜ ಮೇಷ್ಟ್ರು, ಇನ್ನೂ ನಾಲ್ಕು ಜನ ಊಟಕ್ಕೆ ಬರ್ತಾರೆ. ಪರಂಗಿಯವರು ತಂದಿದ್ದು ಒಂದು ಚೂರೂ ಇರಕೂಡದು. ಅವರು ಬಾರದೇ ಇದ್ದಿದ್ದರೆ ಏನು ಉಣ್ತಿದ್ವೋ ಅದೇ ಆಗಬೇಕು.”

ಕಾಫಿಯ ಮಾತನ್ನು ಅವನು ಎತ್ತಲಿಲ್ಲ. ಎರಡನೆಯ ಲೋಟವನ್ನು ಆಗತಾನೇ ಮುಗಿಸಿದ್ದ. ಸಂಜೆ ನೇರ ಸಭೆಗೇ ಬರುವುದಾಗಿ ಹೇಳಿ ಮಳವಳ್ಳಿ ಕೋರ್ಟಿಗೆ ಬಸ್ಸು ಹತ್ತಿದ.

ಕನಕಲಕ್ಷ್ಮಿ ಬುಟ್ಟಿ ಸುರುವಿದಳು. ಆಲೂಗಡ್ಡೆ ಹೊರಗೆ ಹೋಯಿತು. ಟೊಮ್ಯಾಟೊ, ಎಲೆಕೋಸು ಹೋದವು. ಕಾರ್ಖಾನೆಯ ಸಕ್ಕರೆಯೂ ಹೋಯಿತು. ಉಳಿದದ್ದು ಬಾಳೆಕಾಯಿ, ಹಾಗಲಕಾಯಿ, ಹೆಸರುಬೇಳೆ, ಬೆಲ್ಲ, ಎಳ್ಳು. ಖಾರಕ್ಕೆ ಕರಿಮೆಣಸು. ಅವರ ಮನೆಗಳಲ್ಲಿ ತಿಥಿಯ ದಿನ ಸತ್ತವರಿಗೆ ಮಾಡುವುದು ಒಂದು ಚೂರೂ ತಪ್ಪದೆ ಇದೇ ಅಡುಗೆ. ಸಭೆಯ ಧ್ಯಾನದಲ್ಲಿದ್ದ ಕನಕಲಕ್ಷ್ಮಿಗೆ ಅದು ಹೊಳೆಯಲಿಲ್ಲ. ನಡುಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಅತ್ತೆ ಪದ್ಮಮ್ಮನಿಗೂ ಹೊಳೆಯಲಿಲ್ಲ. ಪಕ್ಕದ ಮನೆಯ ಚೂಡಾಮಣಿಗೆ ಮಾತ್ರ ವಾಸನೆಯಲ್ಲೇ ಹೊಳೆಯಿತು. ಹಿತ್ತಲ ಗೋಡೆಯ ಮೇಲೆ ಅವಳ ಮುಖ ಚಂದ್ರನಂತೆ ಮೂಡಿತು.

“ಕನಕಾ, ಎಳ್ಳುಂಡೆ, ಹಾಗಲಕಾಯಿ... ಇವತ್ತು ಯಾರಿಗೋಸ್ಕರವೇ ಇದೆಲ್ಲ?”

“ಇನ್ಯಾರಿಗೆ? ನಮ್ಮ ಯಜಮಾನರಿಗೋಸ್ಕರ,” ಎಂದಳು ಕನಕಲಕ್ಷ್ಮಿ. ಕುಟ್ಟುತ್ತಿದ್ದ ಮೆಣಸಿನ ಘಾಟಿಗೆ ಅವಳ ಕಣ್ಣಲ್ಲಿ ಧಾರೆಯಾಗಿ ನೀರಿಳಿಯುತ್ತಿತ್ತು.

“ಅಯ್ಯೋ! ಯಾವಾಗಲೇ?”

“ಬೆಳಿಗ್ಗೆನೇ ಹೋದರು.”

ಚಂದ್ರ ಮುಳುಗಿದ. ಚೂಡಾಮಣಿ ಬಾಯಿಬಿಟ್ಟ ಮೇಲೆ ಊರಿಗೆ ತಂತಿ ಬೇಕಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರವರ ಬಾಯಲ್ಲಿ ಮಳವಳ್ಳಿ ಬಸ್ಸು ದೊಡ್ಡಿಯ ತಿರುವಿನಲ್ಲಿ ಮಗುಚಿತ್ತು. ಕಸ್ತೂರಿರಂಗನ ಕಕ್ಷಿಗಾರ ಚಿಕ್ಕಬೋರಯ್ಯ ಅರಳಿಕಟ್ಟೆಯಲ್ಲಿ ತಲೆ ಚಚ್ಚಿಕೊಂಡ. “ಲಾಯರಪ್ಪ ಓಗ್ಬುಟ್ರಂತೆ ಕಣ್ಲಾ! ಇನ್ ನನ್ ಗದ್ದೆ ಕೇಸು ಯಾವನ್ಲಾ ನೋಡಾನು?”

ಹೆಣ ಬಂದಮೇಲೆ ಹೋದರಾಯಿತು ಎಂದು ಮನೆಯ ಕಡೆ ಮಾತ್ರ ಯಾರೂ ಸುಳಿಯಲಿಲ್ಲ. ಇದೊಂದೂ ತಿಳಿಯದ ಕನಕಲಕ್ಷ್ಮಿ ಅಡುಗೆ ಮುಗಿಸಿ, ಮೊಳ ಮಲ್ಲಿಗೆ ಮುಡಿದು, ಕಾಸಗಲ ಕುಂಕುಮವಿಟ್ಟು ಹೊರಟಳು. ಬೀದಿಯ ಜನ ಬಾಯಿ ತೆರೆದು ನೋಡಿದರು. ‘ಹೆಂಗಸು ಒಬ್ಬಳೇ ಸಭೆಗೆ ಹೋದರೆ ಇಷ್ಟೊಂದು ಅಚ್ಚರಿಯೇ ಇವರಿಗೆ!’ ಎಂದು ಮುಖ ಗಂಟಿಕ್ಕಿ ನಡೆದಳು.

ಛತ್ರದ ಅಂಗಳದಲ್ಲಿ ಎಲ್ಲರೂ ತಲೆ ತಗ್ಗಿಸಿ ಮೌನವಾಗಿ ನಿಂತಿದ್ದರು. ದೇಶಕ್ಕಾಗಿ ಇರಬೇಕು ಎಂದುಕೊಂಡು ಅವಳೂ ಕಣ್ಣು ಮುಚ್ಚಿ ನಿಂತಳು.

“ದಿವಂಗತ ಕಸ್ತೂರಿರಂಗ ಅವರ ಆತ್ಮಕ್ಕೆ...” ಎಂದರು ಅಧ್ಯಕ್ಷರಾದ ರಾಮಾನುಜ ಮೇಷ್ಟ್ರು.

ಅವಳು ಥಟ್ಟನೆ ಕಣ್ಣು ತೆರೆದಳು. “ಯಾರು... ಯಾರು ಹೇಳಿದ್ದು?”

“ನೀನೇ ಅಲ್ವೇನೇ ಹೇಳಿದ್ದು!” ಎಂದು ಚೂಡಾಮಣಿ ಬಿಕ್ಕಿದಳು. “ಅಷ್ಟೊಂದು ಎಳ್ಳುಂಡೆ ಕಟ್ಟಿಟ್ಟು!”

ಕನಕಲಕ್ಷ್ಮಿಗೆ ಹೋದ ಉಸಿರು ತಿರುಗಿ ಬಂತು. “ಅದು ಪರಂಗಿಯವರು ಬಾರದ ಅಡುಗೆ ಕಣ್ರೀ! ನಮ್ಮ ಯಜಮಾನರು ಬದುಕಿದ್ದಾರೆ!”

“ಪಾಪ, ದುಃಖಕ್ಕೆ ಬುದ್ಧಿ ಕಲಕಿದೆ,” ಎಂದರು ಮೇಷ್ಟ್ರು. “ನೋಡಮ್ಮ, ಇಂಥ ದಿನ ಹೆಣ್ಣು ಹೊಸ್ತಿಲು ದಾಟಬಾರದು. ಹೂವು ಕುಂಕುಮ ಬೇರೆ! ಜನ ಏನಂತಾರೆ? ಒಂದು ಮೂಲೇಲಿ ಕೂತ್ಕೋಬೇಕು ತಾಯಿ.”

ಲಂಡನ್ನನ್ನು ಗೆಲ್ಲಲು ಹೊರಟವರಿಗೆ ಮೊದಲು ನೆನಪಾದದ್ದು ಅವಳ ಮೂಲೆ! ಆ ಮೂಲೆಯನ್ನು ಯಾವ ಹಡಗಿನಲ್ಲಿ ಯಾರು ತಂದರು? “ಮೇಷ್ಟ್ರೇ, ನನ್ನದೊಂದು ಪ್ರಶ್ನೆ...” ಎಂದು ಬಾಯಿ ತೆರೆದಳು.

ಅಷ್ಟರಲ್ಲಿ ಮೈಯೆಲ್ಲ ಧೂಳಾಗಿ ಕಸ್ತೂರಿರಂಗ ಒಳಗೆ ಬಂದ. ಬಸ್ಸು ಕೆಟ್ಟು ತಡವಾಗಿತ್ತು. ಸಭೆಗೆ ಸಭೆಯೇ ಎದ್ದು ನಿಂತಿರುವುದನ್ನು ಕಂಡು, ತನ್ನ ಗೌರವಕ್ಕೆಂದೇ ತಿಳಿದು, “ಕೂತ್ಕೊಳ್ಳಿ, ಕೂತ್ಕೊಳ್ಳಿ,” ಎಂದು ಕೈ ಮುಗಿದ.

“ದೆವ್ವ ಕಣ್ರಲಾ!” ಎಂದು ಚಿಕ್ಕಬೋರಯ್ಯ ಮೇಜಿನಡಿ ತೂರಿದ.

ಗದ್ದಲ ತಣ್ಣಗಾಗಲು ಬಹಳ ಹೊತ್ತು ಹಿಡಿಯಿತು. ಕನಕಲಕ್ಷ್ಮಿ ಮತ್ತೆ ಕೈಯೆತ್ತಿದಳು. “ಪ್ರಶ್ನೆ...”

“ಪ್ರಶ್ನೆ ಆಮೇಲೆ, ಮಹಾತಾಯಿ!” ಎಂದರು ಮೇಷ್ಟ್ರು ಕೈ ಮುಗಿದು. “ಯಮನ ಕೈಯಿಂದ ಗಂಡನನ್ನ ಕಿತ್ಕೊಂಡು ಬಂದಿದ್ದೀರಿ. ಮೊದಲು ಮನೆಗೆ ಹೋಗಿ ದೃಷ್ಟಿ ತೆಗೆಯೋಕೆ ಅಣಿಮಾಡಿ.” ಚಪ್ಪಾಳೆ ಬಿತ್ತು. ಚೂಡಾಮಣಿ ಅವಳ ರಟ್ಟೆ ಹಿಡಿದು ಹೊರಡಿಸಿದಳು. ಹಿಂದಿನಿಂದ ಗಂಡನ ಕಂಠ ಮೊಳಗಿತು: “ಮಹನೀಯರೇ, ಪರಂಗಿಯವರು ಬಾರದೇ ಇದ್ದಿದ್ದರೆ ಮನೆಮನೆಯಲ್ಲೂ ಇಂಥ ಹೆಣ್ಣುಮಕ್ಕಳೇ ಇರುತ್ತಿದ್ದರು!”

ಊಟಕ್ಕೆ ಬರಬೇಕಾದವರು ಒಬ್ಬರೂ ಬರಲಿಲ್ಲ. ಒಬ್ಬರಿಗೆ ಹೊಟ್ಟೆನೋವು, ಇನ್ನೊಬ್ಬರಿಗೆ ಏಕಾದಶಿ. ಬದುಕಿದ್ದವನ ತಿಥಿ ಊಟಕ್ಕೆ ಯಾರು ಕೂರುತ್ತಾರೆ? ಕಸ್ತೂರಿರಂಗ ಒಬ್ಬನೇ ಬಂದು, “ಅದನ್ನೆಲ್ಲ ನೀನೇ ಉಣ್ಣು. ನನಗೊಂದು ಲೋಟ ಕಾಫಿ ಕೊಡು,” ಎಂದು ಕುಸಿದ.

“ಕಾಫಿ ಇರಲಿ, ಮೊದಲು ದೃಷ್ಟಿ ತೆಗಿಯೇ,” ಎಂದು ಪದ್ಮಮ್ಮ ಗದರಿದರು. “ಉಪ್ಪು, ಒಣಮೆಣಸಿನಕಾಯಿ ತಗೊಂಡು ಬಾ.”

“ಮೆಣಸಿನಕಾಯಿ ಪರಂಗಿಯವರದಂತೆ ಅಮ್ಮಾ.”

“ಯಾರದಾದರೇನು, ಗಂಡನ ಆಯುಸ್ಸಿಗಿಂತ ಹೆಚ್ಚೇ?”

ಕನಕಲಕ್ಷ್ಮಿ ಡಬ್ಬಿಗೆ ಕೈ ಹಾಕಿದಳು. ಕೈ ತುಂಬ ಬಂದದ್ದನ್ನೆಲ್ಲ ಗಂಡನ ತಲೆಯ ಸುತ್ತ ನಿಧಾನವಾಗಿ ನಿವಾಳಿಸಿ, ಒಲೆಗೆ ಸುರಿದಳು. ಹೊಗೆ ಮನೆಯನ್ನು ನುಂಗಿತು.

“ರೀ,” ಎಂದು ಅವಳು ಹೊಗೆಯೊಳಗಿಂದಲೇ ಕೇಳಿದಳು. “ಆ ನಿಮ್ಮ ದೇಶದಲ್ಲಿ ನನಗೆ ಸ್ಕೂಲು ಇರುತ್ತಿತ್ತೆ?”

ವಕೀಲ ಕಸ್ತೂರಿರಂಗ ಉತ್ತರ ಹೇಳಲು ಬಾಯಿ ತೆರೆದ. ಕೆಮ್ಮು ಬಂತು. ಅವನ ಕೆಮ್ಮು ನಿಲ್ಲುವ ಮೊದಲೇ ಅವಳಿಗೂ ಹಿಡಿಯಿತು.

“ಇಷ್ಟೊಂದು ಘಾಟು ಬಂತು ಅಂದರೆ ದೃಷ್ಟಿಯೇ ತಾಕಿರಲಿಲ್ಲ,” ಎಂದರು ಪದ್ಮಮ್ಮ, ಮೂಗಿಗೆ ಸೆರಗು ಒತ್ತಿಕೊಂಡು. “ಸುಮ್ಮನೆ ಮೆಣಸಿನಕಾಯಿ ದಂಡ. ಎದ್ದು ಕಾಫಿ ಮಾಡೇ.”