ಕಲ್ಲಿನ ಹಿಂದಿನಿಂದ ಟಪ್ಪೆನ್ನುವ ಮಹನೀಯರಿಗೆ

ನೆರೆದ ಮಹಾಜನಗಳೇ, ಮೇಲಿನ ಮಹಡಿಯವರೇ, ಕೆಳಗಿನ ಮಹಡಿಯವರೇ, ಮೆಟ್ಟಿಲಲ್ಲಿ ನಿಂತು ಕಿವಿ ನಿಮಿರಿಸಿರುವವರೇ, ಎಲ್ಲರೂ ಚಿತ್ತವಿಟ್ಟು ಕೇಳುವಂಥವರಾಗಿ! ಇದು ಒಬ್ಬರಿಗೇ ಬರೆದ ಪತ್ರ. ಆ ಒಬ್ಬರು ಮುಖ ತೋರಿಸದ ಕಾರಣ ನಿಮ್ಮೆಲ್ಲರ ಸಮಕ್ಷಮದಲ್ಲಿ ಓದಬೇಕಾಗಿ ಬಂದಿದೆ.

ಮಾನ್ಯ ಸೀಗಡಿಯವರೇ,

ಸಾಷ್ಟಾಂಗ ನಮಸ್ಕಾರಗಳು. ತಾವು ನಮ್ಮ ಹಜಾರದ ಎರಡಡಿ ಗಾಜಿನ ತೊಟ್ಟಿಯಲ್ಲಿ, ಎಡಗಡೆಯ ದೊಡ್ಡ ಕಲ್ಲಿನ ಬಿಲವೊಂದರಲ್ಲಿ ಕ್ಷೇಮವಾಗಿದ್ದೀರೆಂದು ತಮ್ಮ ಸದ್ದಿನಿಂದಲೇ ತಿಳಿದು ಪರಮ ಸಂತೋಷವಾಯಿತು. ಇತ್ತ ನಾವು ಅಷ್ಟೇನೂ ಕ್ಷೇಮವಾಗಿಲ್ಲ.

ತಮ್ಮನ್ನು ನಾನು ಕೊಂಡು ತಂದವನಲ್ಲ, ಕರೆದವನೂ ಅಲ್ಲ. ಮನೆಯೊಳಗೊಂದು ಪುಟ್ಟ ಸಮುದ್ರ ಕಟ್ಟಿ ಹವಳ ಬೆಳೆಸುತ್ತೇನೆಂಬ ಹುಚ್ಚು ನೆತ್ತಿಗೇರಿ ಅಂಗಡಿಯಾತನಿಂದ ಉಪ್ಪು, ಮರಳು, ಪಂಪು ಮತ್ತು ಸಮುದ್ರದ ಕಲ್ಲುಗಳನ್ನು ತಂದಾಗ, ಟಿಕೆಟ್ಟಿಲ್ಲದೆ ಬಸ್ಸು ಹತ್ತುವವರಂತೆ ತಾವು ಕಲ್ಲಿನ ಸಂದಿಯಲ್ಲಿ ಅಡಗಿ ಬಂದಿರಿ. ಬಂದವರು ಬಂದಿರಿ, ಮನೆ ನಿಮ್ಮದೇ ಅಂದುಕೊಳ್ಳಿ ಎನ್ನೋಣವೆಂದರೆ, ಆಗಲೇ ತಾವು ಹಾಗೆ ಅಂದುಕೊಂಡಾಗಿತ್ತು.

ತೊಟ್ಟಿಯನ್ನು ಇಟ್ಟದ್ದು ನನ್ನ ಹೆಂಡತಿಯ ಹೊಲಿಗೆ ಟೇಬಲ್ಲಿನ ಮೇಲೆ. ಅಷ್ಟು ಭಾರ ಹೊರುವ ಗಟ್ಟಿಮುಟ್ಟು ಟೇಬಲ್ಲು ಮನೆಯಲ್ಲಿ ಇನ್ನೊಂದಿರಲಿಲ್ಲ. ಆಕೆ ಹೊಲಿಗೆ ಮಷಿನ್ನನ್ನು ನೆಲಕ್ಕಿಳಿಸಿ ನನಗೊಂದು ಗಡುವು ಕೊಟ್ಟಳು: ಒಂದು ತಿಂಗಳೊಳಗೆ ಅದರಲ್ಲಿ ಜೀವವಿರುವ ಏನಾದರೊಂದು ಕಣ್ಣಿಗೆ ಕಾಣಬೇಕು, ಇಲ್ಲವಾದರೆ ಸಮುದ್ರ ಸಮೇತ ನಾನು ಬಾಲ್ಕನಿಗೆ. ಅಂಗಡಿಯಾತನೋ, ನೀರು ಹದಕ್ಕೆ ಬರುವವರೆಗೆ, ಅಂದರೆ ಒಂದು ತಿಂಗಳು, ಮೀನು ಬಿಟ್ಟೀರಿ ಜೋಕೆ ಎಂದು ಬೆರಳಾಡಿಸಿದ್ದ. ಅತ್ತ ದರಿ, ಇತ್ತ ಪುಲಿ. ನಡುವೆ ನನ್ನ ಮಾನ ಕಾಯಬಲ್ಲವರು ಜಗತ್ತಿನಲ್ಲಿ ತಾವೊಬ್ಬರೇ; ತಾವಿದ್ದೀರೆಂಬುದೇ ನನಗಾಗ ತಿಳಿದಿರಲಿಲ್ಲ.

ಮೂವತ್ತನೆಯ ದಿನ ಹನ್ನೊಂದು ಗಂಟೆಗೆ, ಕಲ್ಲಿನಲ್ಲೇ ಏನಾದರೂ ಮಿಸುಕೀತೆಂಬ ಧೈರ್ಯದಿಂದ ತೊಟ್ಟಿಯ ಮುಂದೆ ಕೆಂಪು ಪರದೆ ಕಟ್ಟಿ, ನನ್ನ ಹೆಂಡತಿ, ಅತ್ತೆಯವರು ಮತ್ತು ಗಾಜು ಕೂರಿಸುವ ಕಸುಬಿನ ನನ್ನ ಭಾವಮೈದನನ್ನು ಸಾಲಾಗಿ ಕುರ್ಚಿಯಲ್ಲಿ ಕೂರಿಸಿದೆ. ಸಪ್ತಸಾಗರಗಳನ್ನೂ ಹೆಸರು ಹಿಡಿದು ಕರೆದು, ತೊಡೆ ತಟ್ಟಿ, ಪರದೆ ಸರಿಸಿದೆ. ಕಂಡದ್ದು ಕಲ್ಲು. ಪಕ್ಕದಲ್ಲಿ ಇನ್ನೊಂದು ಕಲ್ಲು. ಇದರಲ್ಲಿ ನೋಡುವುದೇನನ್ನು ಎಂದು ಅತ್ತೆಯವರು ಕನ್ನಡಕ ಒರೆಸಿಕೊಂಡರು. ಆಗ, ಮಹನೀಯರೇ, ಇಡೀ ತಿಂಗಳು ನಾನು ಒಬ್ಬನೇ ಇದ್ದಾಗ ಪಿಟ್ಟೆಂದೂ ಅನ್ನದಿದ್ದ ತಾವು, ಏಡಿಗಿರುವಂಥ ತಮ್ಮ ದೊಡ್ಡ ಕೊಂಡಿಯಿಂದ ಚಿಟಿಕೆ ಹೊಡೆದು ಟಪ್ ಎನಿಸಿದಿರಿ.

ಭಾವಮೈದ ಕುರ್ಚಿಯಿಂದ ಚಂಗನೆ ಎದ್ದ. "ಗಾಜು ಬಿರೀತಿದೆ, ಭಾವ. ಮೊದಲು ನೀರು ತೆಗೀರಿ."

ಇಪ್ಪತ್ತು ವರ್ಷ ಗಾಜಿನಲ್ಲೇ ಬದುಕಿದವನ ಮಾತಿಗೆ ಎದುರಾಡುವವರು ಯಾರು? ತಾವು ಮತ್ತೊಮ್ಮೆ ಟಪ್ಪೆಂದು ಆತನ ಮಾತಿಗೆ ಮೊಹರು ಒತ್ತಿದಿರಿ. ಬಕೆಟ್ಟು, ಚೊಂಬು, ಪಾತ್ರೆ, ಸಾರಿನ ಸೌಟು, ಕೈಗೆ ಸಿಕ್ಕಿದ್ದರಲ್ಲೆಲ್ಲ ಸಮುದ್ರ ತುಂಬಿತು. ಕಲ್ಲುಗಳು ಅನ್ನದ ದೊಡ್ಡ ಪಾತ್ರೆ ಸೇರಿದವು. ಆ ಗಡಿಬಿಡಿಯಲ್ಲಿ ಬಂದವರಿಗೆ ಟೀಯನ್ನಾದರೂ ಕೊಟ್ಟು ಮಾನ ಉಳಿಸಿಕೊಳ್ಳೋಣವೆಂದು ನಾನೇ ಒಲೆ ಹಚ್ಚಿದೆ. ಯಾವ ಪಾತ್ರೆಯಲ್ಲಿ ಯಾವ ನೀರಿತ್ತೆಂದು ನೋಡುವಷ್ಟು ತಾಳ್ಮೆ ಕಲಾವಿದನಿಗೆಲ್ಲಿಯದು? ಭಾವಮೈದ ಸಿಂಕಿನತ್ತ ಓಡಿದ. ಅತ್ತೆಯವರು ಮಾತ್ರ ಲೋಟ ಪೂರ್ತಿ ಬರಿದು ಮಾಡಿ, ಅಳಿಯಂದಿರ ಕೈಯ ಟೀ ಯಾವತ್ತಿನ ಹಾಗೇ ಇದೆ ಎಂದರು.

ಇಷ್ಟಾದ ಮೇಲೆ ಅನ್ನದ ಪಾತ್ರೆಯೊಳಗಿಂದ ಟಪ್. ಒಡೆಯಲು ಅಲ್ಲಿ ಗಾಜಿರಲಿಲ್ಲ. ಹೆಂಡತಿ ಬಗ್ಗಿ ನೋಡಿದಳು. ತಾವು, ಬೆರಳುದ್ದದ ದೇಹ, ದೇಹಕ್ಕೆ ಒಗ್ಗದ ಕೊಂಡಿ, ಎರಡು ಮೀಸೆ ಸಮೇತ ಮೊದಲ ಬಾರಿಗೆ ದರ್ಶನವಿತ್ತಿರಿ. ಅದೂ ನಾನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಾಗ! ಬಹಳ ಹೊತ್ತು ನೋಡಿ ಆಕೆ ಅಂದದ್ದು ನನಗೆ ಅಲ್ಲಿಗೇ ಕೇಳಿಸಿತು.

"ಆಕಾರ ಬೆರಳಷ್ಟು, ಆರ್ಭಟ ಮನೆತುಂಬ. ಇದು ನಿಮ್ಮ ನಾಟಕ ಕಂಪನಿಯದೇ ಇರ್ಬೇಕು ಕಣ್ರೀ. ಇರ್ಲಿ ಪಾಪ, ಮತ್ತೆ ತೊಟ್ಟಿಗೇ ಬಿಡಿ. ಬಾಲ್ಕನಿ ಬೇಡ, ಬಿಸಿಲು. ಆದ್ರೆ ಟೇಬಲ್ ನಂದು. ನಾಳೆ ಶಾಲೆಯವರ ನಲವತ್ತು ಅಂಗಿ ಕತ್ತರಿಸ್ಬೇಕು."

ಆದಕಾರಣ ತಮ್ಮಲ್ಲಿ ನನ್ನ ವಿನಮ್ರ ಬಿನ್ನಹಗಳು: ಇನ್ನು ಮುಂದೆ ಪರದೆ ಸರಿದ ಮೇಲೆ ರಂಗಕ್ಕೆ ಬರತಕ್ಕದ್ದು, ನನ್ನ ಸಂಭಾಷಣೆಯ ನಡುವೆ ಬಾಯಿ, ಅಂದರೆ ಕೊಂಡಿ, ಹಾಕಕೂಡದು, ಮುಂದೆ ಬರಲಿರುವ ಮೀನನ್ನು ಸಹಕಲಾವಿದನೆಂದು ಭಾವಿಸಬೇಕೇ ಹೊರತು ಊಟವೆಂದಲ್ಲ. ಸಾಧ್ಯವಾದರೆ, ನನ್ನ ಭಾವಮೈದನಿಗೆ ಅದು ಗಾಜಲ್ಲ, ತಾವೆಂದು ಲಿಖಿತವಾಗಿ ತಿಳಿಸಬೇಕು. ಆತ ಇನ್ನೂ ಒಪ್ಪಿಲ್ಲ.

ತೆರೆಯ ಮುಂದೆ ಸೋತು ನಿಂತಿರುವ,
ತಮ್ಮ ವಿಶ್ವಾಸಿ,
ತೊಟ್ಟಿಯ ಹೆಸರಿಗೆ ಮಾತ್ರ ಯಜಮಾನ

ತಾ.ಕ.: ಮನೆಯಲ್ಲಿ ತಮ್ಮ ಭಾರ ಹೊರಬಲ್ಲ ಮತ್ತೊಂದು ಜಾಗವೆಂದರೆ ನನ್ನ ಕಬ್ಬಿಣದ ಟ್ರಂಕು. ಒಳಗೆ ನನ್ನ ನಾಟಕದ ಕಿರೀಟ, ಗದೆ, ನಾಲ್ಕು ಬಗೆಯ ಗಡ್ಡಗಳಿವೆ. ಒಮ್ಮೆ ಸಮುದ್ರ ಮೇಲೆ ಕೂತರೆ ಅದರ ಮುಚ್ಚಳ ಮತ್ತೆ ತೆರೆಯುವ ಹಾಗಿಲ್ಲ. ಇದನ್ನು ಕೇಳಿ ಹೆಂಡತಿ ತಮಗೆ ಕೈಮುಗಿದದ್ದನ್ನು ನಾನು ನೋಡದೆ ಬಿಟ್ಟಿಲ್ಲ. ಇರಲಿ. ನಾಳೆ ಬೆಳಿಗ್ಗೆ ಆರಕ್ಕೆ ಎದ್ದು, ಭೀಮನ ಮೀಸೆಯೊಂದನ್ನು ಮಾತ್ರ ಜೇಬಿಗಿಟ್ಟುಕೊಂಡು, ಟ್ರಂಕಿಗೆ ಬೀಗ ಜಡಿದು, ತಮ್ಮನ್ನು ತೊಟ್ಟಿ ಸಮೇತ ನನ್ನ ಕೈಯಾರೆ ಅದರ ಮೇಲೆ ಪಟ್ಟಕ್ಕೆ ಕೂರಿಸುತ್ತೇನೆ.